ಅಕ್ಕಪಕ್ಕದ ಮನೆಯವರನ್ನು ಕರೆಂಟ್ ಉಳಿತಾಯದ ಕೆಲಸಕ್ಕೆ ಒಪ್ಪಿಸುವುದು ಹೇಗೆ?

ಬೀದಿಸಂಘ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮನೆಗಳಲ್ಲಿ ಕರೆಂಟ್, ಗ್ಯಾಸ್ ಖರ್ಚು ಕಡಿಮೆ ಮಾಡಿಸುವ ಕೆಲಸವನ್ನು ಸಂಘದವರು ನನಗೆ ವಹಿಸಿದ್ದಾರೆ. ಕರಪತ್ರ ಹಂಚಿದ್ದಾಯಿತು. ತಿಳಿದವರನ್ನು ಕರೆಸಿ ಮಾತಾಡಿಸಿದ್ದೂ ಆಯಿತು. ಬಂದವರೆಲ್ಲ ಚೆನ್ನಾಗಿ ಕೇಳಿಸಿಕೊಂಡರು, ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಆಮೇಲೆ ಯಾರ ಮನೆಯಲ್ಲೂ ಏನೂ ಬದಲಾಗಲಿಲ್ಲ.

ಏನೇನು ಮಾಡಬಹುದು ಅನ್ನೋದು ನನಗೆ ಗೊತ್ತಿದೆ. ಹಳೇ ಬಲ್ಬು, ಹಳೇ ಫ್ಯಾನು, ಗೀಸರ್, ಛಾವಣಿಯಿಂದ ಇಳಿಯುವ ಬಿಸಿ, ಬಾಗಿಲು ಕಿಟಕಿಗಳ ಸಂದು, ಇವೇ ತಾನೇ. ನನ್ನ ಪ್ರಶ್ನೆ ಬೇರೆ. ಒಳ್ಳೆಯದು ಅಂತ ಗೊತ್ತಿದ್ದೂ ಜನ ಯಾಕೆ ಮಾಡಿಸಲ್ಲ? ಅವರನ್ನು ಪೀಡಿಸದೆ, ಬೇಜಾರು ಮಾಡದೆ ಮಾಡಿಸೋದು ಹೇಗೆ?

ವೈರ್‌ಮನ್:

ಸರ್, ನಾನು ದಿನಾ ಜನರ ಮನೆಯೊಳಗೆ ಹೋಗುವವನು. ಮನೆಯವರಿಗೆ ಮನಸ್ಸಿಲ್ಲ ಅಂತ ತಿಳಿಯಬೇಡಿ. ಅವರಿಗೆ ಬೇಡದ್ದು ರಗಳೆ.

ಒಂದು ದಿನ ರಜೆ ಹಾಕಿ ಮನೆಯಲ್ಲಿ ಇರಬೇಕು. ಅಟ್ಟದ ಮೇಲಿನ ಸಾಮಾನು ಇಳಿಸಬೇಕು. ಬಂದವನು ನಂಬಿಕಸ್ಥನಾ ಅಲ್ವಾ ಗೊತ್ತಿಲ್ಲ. ಅವನು ಹೇಳಿದ ರೇಟು ಸರಿಯಾ ಗೊತ್ತಿಲ್ಲ. ಗೋಡೆ ಕೊರೆದು ಹೋದರೆ ಆ ಧೂಳು ಯಾರು ಗುಡಿಸೋದು? ಇಷ್ಟೆಲ್ಲ ಆದ ಮೇಲೆ ಬಿಲ್ಲಿನಲ್ಲಿ ಎಷ್ಟು ಇಳಿಯುತ್ತದೆ ಅಂತಲೂ ಖಾತ್ರಿ ಇಲ್ಲ. ಹಾಗಾಗಿ ‘ಮುಂದಿನ ತಿಂಗಳು ನೋಡೋಣ’ ಅಂತಾರೆ. ಆ ಮುಂದಿನ ತಿಂಗಳು ಬರೋದೇ ಇಲ್ಲ.

ಮನಃಶಾಸ್ತ್ರದ ಮೇಷ್ಟ್ರು:

ವೈರ್‌ಮನ್ ಅವರು ಅಟ್ಟದ ಸಾಮಾನಿನ ಮಾತು ಹೇಳಿದ್ದು ಬಹಳ ಸರಿ. ಬ್ರಿಟನ್ನಿನಲ್ಲಿ ಇದೇ ಆಯಿತು. ಅಲ್ಲಿ ಮನೆಯ ಶಾಖ ಮೇಲೆ ಹೋಗಿ ಹಾಳಾಗದಂತೆ ಅಟ್ಟದಲ್ಲಿ ದಪ್ಪನೆಯ ಹೊದಿಕೆ ಹಾಸುತ್ತಾರೆ. ಸರ್ಕಾರದ ನೆರವಿತ್ತು, ಆದರೂ ಜನ ಮುಂದೆ ಬರಲಿಲ್ಲ. ಸರ್ಕಾರದ ವರ್ತನಾ ವಿಜ್ಞಾನ ತಂಡ ಹೋಗಿ ವಿಚಾರಿಸಿದರೆ, ಅಟ್ಟದ ತುಂಬಾ ಹಳೇ ಸಾಮಾನು. ಅದನ್ನು ಖಾಲಿ ಮಾಡಿಕೊಡುವ ಸೇವೆಯನ್ನೂ ಜೊತೆಗೆ ಕೊಟ್ಟು ನೋಡಿದರು. ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು, ಆದರೂ ಒಪ್ಪಿದವರು ಹೆಚ್ಚಾದರು. ಅದು ಸಣ್ಣ ಪ್ರಯೋಗ, ಅಂಕಿಗಳೂ ಸಣ್ಣವು. ಆದರೆ ಅಡ್ಡಿ ಎಲ್ಲಿತ್ತು ಅಂತ ಚೆನ್ನಾಗಿ ತೋರಿಸಿತು.

ನಿಮ್ಮ ಕರಪತ್ರದಲ್ಲಿ ‘ಉಳಿಸಿ’ ಅನ್ನುವ ಮಾತು ಎಷ್ಟು ಸಲ ಇದೆ? ‘ನಾವು ಬಂದು ಮಾಡಿಕೊಡುತ್ತೇವೆ’ ಅನ್ನುವ ಮಾತು ಎಷ್ಟು ಸಲ ಇದೆ? ಒಮ್ಮೆ ಎಣಿಸಿ ನೋಡಿ.

ಲೆಕ್ಕಪತ್ರ:

ರಗಳೆ ತೆಗೆದರೆ ಎಲ್ಲರೂ ಬರುತ್ತಾರೆ ಅನ್ನುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೂವರು ಅರ್ಥಶಾಸ್ತ್ರಜ್ಞರು, ಫೌಲಿ, ಗ್ರೀನ್‌ಸ್ಟೋನ್ ಮತ್ತು ವುಲ್ಫ್ರಾಮ್, ದೊಡ್ಡ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಸುಮಾರು 30,000 ಕಡಿಮೆ ಆದಾಯದ ಕುಟುಂಬಗಳು ಅದರಲ್ಲಿದ್ದವು. ಶಕ್ತಿ ಉಳಿಸಲು ಮಾಡುವ ಮನೆ ಸುಧಾರಣೆ ಪೂರ್ತಿ ಉಚಿತ. ಅವರಲ್ಲಿ ಒಂದಷ್ಟು ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಮನೆಗೆ ಹೋಗಿ ಮಾತಾಡಿಸಿದರು, ಮತ್ತೆ ಮತ್ತೆ ಫೋನ್ ಮಾಡಿದರು, ಅರ್ಜಿ ತುಂಬಲೂ ನೆರವಾದರು.

ಕೊನೆಗೆ ಮಾಡಿಸಿಕೊಂಡವರು ಎಷ್ಟು? ಹೀಗೆ ಒತ್ತಾಯ ಮಾಡಿ ಕರೆದ ಕುಟುಂಬಗಳಲ್ಲಿ ನೂರಕ್ಕೆ 6ಕ್ಕಿಂತ ಕಡಿಮೆ. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 2ಕ್ಕಿಂತ ಕಡಿಮೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಎಂಜಿನಿಯರುಗಳ ಲೆಕ್ಕದಲ್ಲಿ ಬರಬೇಕಾಗಿದ್ದ ಉಳಿತಾಯವು ನಿಜವಾಗಿ ಆದದ್ದರ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ‘ಬಿಲ್ ಅರ್ಧ ಆಗುತ್ತೆ’ ಅಂತ ಬೀದಿಯಲ್ಲಿ ಹೇಳುವ ಮೊದಲು ಇದನ್ನು ನೆನಪಿಡಬೇಕು. ಒಂದು ಮನೆಯಲ್ಲಿ ಅರ್ಧ ಆಗದಿದ್ದರೆ ಸಾಕು, ಆಮೇಲೆ ಬೀದಿಯಲ್ಲಿ ಯಾರೂ ನಿಮ್ಮ ಮಾತು ನಂಬಲ್ಲ.

ಬೀದಿಸಂಘ:

ಇದನ್ನು ಓದಿ ಸ್ವಲ್ಪ ಧೈರ್ಯ ಕುಂದಿತು. ಉಚಿತವಾಗಿ ಕೊಟ್ಟು, ಮನೆಗೆ ಹೋಗಿ ಕರೆದರೂ ನೂರಕ್ಕೆ ಆರು ಜನ ಬರದಿದ್ದರೆ, ನಮ್ಮ ಪುಟ್ಟ ಸಂಘದಿಂದ ಏನಾದೀತು?

ಹಳೇ ಮೀಟರ್:

ಧೈರ್ಯ ಕಳೆದುಕೊಳ್ಳಬೇಡಿ. ಇದಕ್ಕೆ ಉಲ್ಟಾ ಆದ ಉದಾಹರಣೆಯೂ ಇದೆ. ನಾನು ಕೆಲಸದಲ್ಲಿದ್ದ ಕಾಲದಲ್ಲಿ ಇದನ್ನು ಓದಿ ಬಹಳ ಖುಷಿಪಟ್ಟಿದ್ದೆ.

1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಓರೆಗನ್ ರಾಜ್ಯದ ಹುಡ್ ರಿವರ್ ಅನ್ನುವ ಸಣ್ಣ ಊರಿನ ಕಡೆ ಮನೆಗಳಲ್ಲಿ ಶಕ್ತಿ ಉಳಿಸುವ ಒಂದು ಯೋಜನೆ ಮಾಡಿದರು. ಅಲ್ಲೂ ಖರ್ಚು ಮನೆಯವರದಲ್ಲ. ಅಲ್ಲಿ ಅರ್ಹ ಮನೆಗಳಲ್ಲಿ ನೂರಕ್ಕೆ 85ರಲ್ಲಿ ಮುಖ್ಯ ಕೆಲಸಗಳಲ್ಲಿ ಒಂದಾದರೂ ಆಯಿತು. ಎರಡೂ ಕಡೆ ಉಚಿತವೇ. ಒಂದು ಕಡೆ 6, ಇನ್ನೊಂದು ಕಡೆ 85!

ವ್ಯತ್ಯಾಸಕ್ಕೆ ಕಾರಣ ಹಲವು ಇರಬಹುದು. ಕಾಲ ಬೇರೆ, ಜನ ಬೇರೆ. ಆದರೆ ಹುಡ್ ರಿವರ್‌ನಲ್ಲಿ ಇಡೀ ಊರಿಗೆ ಒಂದೇ ಸಲ ಕೆಲಸ ನಡೆಯಿತು. ಸ್ಥಳೀಯರದೇ ಸಲಹಾ ಸಮಿತಿ ಇತ್ತು. ಯಾರಿಂದ ಗೊತ್ತಾಯಿತು ಅಂದರೆ ಬಹಳಷ್ಟು ಜನ ಹೇಳಿದ್ದು ನೆರೆಯವರ, ಪರಿಚಯದವರ ಹೆಸರು. ಪಕ್ಕದ ಮನೆ ಮುಂದೆ ಕೆಲಸದವರ ಗಾಡಿ ನಿಂತಿದ್ದನ್ನು ನೋಡಿದವರು ನಮ್ಮ ಮನೆಗೆ ಯಾವಾಗ ಅಂತ ತಾವೇ ಕೇಳುತ್ತಾರೆ.

ನಿಮಗೆ ಇರುವುದು ಒಂದೇ ಬೀದಿ. ಅದು ಕೊರತೆಯಲ್ಲ, ನಿಮ್ಮ ಬಲ. ಬಿಡಿಬಿಡಿಯಾಗಿ ಕರೆಯಬೇಡಿ. ಬೀದಿಗೆ ಬೀದಿಯೇ ಒಟ್ಟಿಗೆ ಮಾಡಿಸಿ.

ಮನಃಶಾಸ್ತ್ರದ ಮೇಷ್ಟ್ರು:

ಹಳೇ ಮೀಟರ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೆರೆಯವರ ಪ್ರಭಾವ ತಮ್ಮ ಮೇಲೆ ಇದೆ ಅಂತ ಜನ ಒಪ್ಪುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಬಾಗಿಲಿಗೆ ಬೇರೆ ಬೇರೆ ಚೀಟಿ ನೇತುಹಾಕಿ ನೋಡಿದರು. ಒಂದರಲ್ಲಿ ದುಡ್ಡು ಉಳಿಯುತ್ತದೆ ಅಂತ, ಒಂದರಲ್ಲಿ ಪರಿಸರ, ಒಂದರಲ್ಲಿ ಸಮಾಜದ ಹಿತ, ಇನ್ನೊಂದರಲ್ಲಿ ನಿಮ್ಮ ನೆರೆಯವರಲ್ಲಿ ಹೆಚ್ಚಿನವರು ಈಗಾಗಲೇ ಮಾಡುತ್ತಿದ್ದಾರೆ ಅಂತ. ಎಲ್ಲಕ್ಕಿಂತ ಹೆಚ್ಚು ಬಳಕೆ ಇಳಿಸಿದ್ದು ನೆರೆಯವರ ಚೀಟಿ. ಕೇಳಿದಾಗ ಮಾತ್ರ, ನೆರೆಯವರನ್ನು ನೋಡಿ ನಾವು ಮಾಡಲ್ಲ ಅಂದರು.

ಅದೇ ಊರಿನ ಇನ್ನೊಂದು ಅಧ್ಯಯನ 2007ರದು. ಮನೆಗಳಿಗೆ ‘ನಿಮ್ಮದು ಇಷ್ಟು, ಸರಾಸರಿ ಇಷ್ಟು’ ಅಂತ ತಿಳಿಸಿದರು. ಜಾಸ್ತಿ ಉರಿಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಸರಾಸರಿಗಿಂತ ಕಡಿಮೆ ಇದ್ದವರು ಜಾಸ್ತಿ ಮಾಡಿಬಿಟ್ಟರು! ಅವರ ಚೀಟಿಯ ಮೇಲೆ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ಚೆನ್ನಾಗಿ ಮಾಡುತ್ತಿರುವವರಿಗೆ ಶಾಭಾಸ್ ಅನ್ನಲೇಬೇಕು.

ಮೂಲೆಮನೆ:

ಹಾಗಾದರೆ ಎಲ್ಲ ಮನೆಗಳ ಯೂನಿಟ್ ಲೆಕ್ಕವನ್ನು ಬೋರ್ಡಿನಲ್ಲಿ ಹಾಕಿದರೆ ಹೇಗೆ? ಪೈಪೋಟಿ ಮೇಲೆ ಎಲ್ಲರೂ ಇಳಿಸುತ್ತಾರೆ.

ಮನೆವಾರ್ತೆ:

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಬಿಸಿನೀರು ಜಾಸ್ತಿ ಬೇಕು, ರಾತ್ರಿಯಿಡೀ ಫ್ಯಾನ್ ಬೇಕು, ವಾಷಿಂಗ್ ಮಷೀನ್ ದಿನಾ ಓಡಬೇಕು. ಬೋರ್ಡಿನ ಮೇಲೆ ನಮ್ಮದೇ ಎಲ್ಲಕ್ಕಿಂತ ದೊಡ್ಡ ಅಂಕಿ ಬಂದರೆ, ಆ ಹಿರಿಯರಿಗೆ ತಾವೊಂದು ಹೊರೆ ಅನ್ನಿಸುತ್ತದೆ. ಸಂಘದ ಸಭೆಗೆ ನಾನು ಮುಖ ಹೊತ್ತು ಬರೋದು ಹೇಗೆ?

ಸರಾಸರಿಯನ್ನು ಹೇಳಿ. ಅವರವರ ಲೆಕ್ಕ ಅವರವರ ಕೈಗೆ ಕೊಡಿ. ಅಷ್ಟು ಸಾಕು.

ಮೂಲೆಮನೆ:

ಸರಿ ಅಕ್ಕ, ಒಪ್ಪಿದೆ. ಬೋರ್ಡಿನ ಮಾತು ಬಿಟ್ಟೆ.

ಹೊಸಬ:

ನನಗೊಂದು ಸಂಶಯ. ನಾವು ಮನೆಯಲ್ಲಿ ಯಾವಾಗಲೂ ಲೈಟ್ ಆರಿಸುತ್ತೇವೆ, ಚಾರ್ಜರ್ ತೆಗೆದಿಡುತ್ತೇವೆ. ಆದರೂ ಬಿಲ್ ಅಷ್ಟೇ ಬರುತ್ತೆ. ಯಾಕೆ?

ಲೆಕ್ಕಪತ್ರ:

ಒಳ್ಳೆಯ ಪ್ರಶ್ನೆ. ಇದು ಬಹಳ ಜನರ ಅನುಭವ. ಅಮೆರಿಕದಲ್ಲಿ ಸಂಶೋಧಕಿ ಶಹಜೀನ್ ಅಟ್ಟಾರಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 505 ಜನರನ್ನು ಕೇಳಿದ್ದರು. ಶಕ್ತಿ ಉಳಿಸಲು ನೀವು ಮಾಡಬಹುದಾದ ಅತಿ ಪರಿಣಾಮದ ಕೆಲಸ ಯಾವುದು ಅಂತ. ಲೈಟ್ ಆರಿಸುವುದು ಅಂದವರು ತುಂಬಾ. ಒಳ್ಳೆಯ ಉಪಕರಣ ಹಾಕಿಸುವಂಥ ಮಾತು ಹೇಳಿದವರು ನೂರಕ್ಕೆ 12ರಷ್ಟು ಮಾತ್ರ. ದೊಡ್ಡ ಉಪಕರಣಗಳು ಎಷ್ಟು ಎಳೆಯುತ್ತವೆ ಅನ್ನುವುದನ್ನು ಜನ ಬಹಳ ಕಡಿಮೆ ಅಂದಾಜು ಮಾಡಿದ್ದರು.

ಕಾರಣ ಸರಳ. ಬೆಳಕು ಕಣ್ಣಿಗೆ ಕಾಣುತ್ತದೆ. ಬಿಸಿನೀರಿಗೆ ಹೋದ ಕರೆಂಟ್ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಿ. 20 ಲೀಟರ್ ನೀರಿನ ಬಿಸಿಯನ್ನು 30 ಡಿಗ್ರಿಯಷ್ಟು ಏರಿಸಲು ಸುಮಾರು 0.7 ಯೂನಿಟ್ ಬೇಕು. ಅಷ್ಟರಲ್ಲಿ 9 ವ್ಯಾಟ್ ಎಲ್‌ಇಡಿ ಬಲ್ಬನ್ನು 77 ಗಂಟೆ ಉರಿಸಬಹುದು. ಫೋನನ್ನು 35-40 ಸಲ ಚಾರ್ಜ್ ಮಾಡಬಹುದು. ಚಾರ್ಜರ್ ತೆಗೆದಿಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಬಿಲ್ ಇಳಿಯಬೇಕಾದರೆ ಮೊದಲು ಬಿಸಿ ಮಾಡುವ, ತಂಪು ಮಾಡುವ ಉಪಕರಣಗಳನ್ನು ನೋಡಿ. ನಿಮಿಷಕ್ಕೆ 12 ಲೀಟರ್ ಸುರಿಯುವ ಶವರ್ ಬದಲು 8 ಲೀಟರಿನದು ಹಾಕಿದರೆ, ಸ್ನಾನದ ಸಮಯ ಅಷ್ಟೇ ಇದ್ದರೂ ಬಿಸಿನೀರು ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಗೋಡೆ ಒಡೆಯುವ ಕೆಲಸವೇ ಇಲ್ಲ.

ವೈರ್‌ಮನ್:

ಫ್ಯಾನಿನ ಲೆಕ್ಕ ನಾನು ಕೊಡುತ್ತೇನೆ. ಹಳೇ ಸೀಲಿಂಗ್ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ 75 ವ್ಯಾಟ್ ಆಸುಪಾಸು ಎಳೆಯುತ್ತದೆ. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿಗೆ 16 ಯೂನಿಟ್ ಉಳಿತಾಯ. ಅಪರೂಪಕ್ಕೆ ಹಾಕುವ ಕೋಣೆಯ ಫ್ಯಾನ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಇದನ್ನೂ ನಾನು ಮನೆಯವರಿಗೆ ಹೇಳುತ್ತೇನೆ. ಹೇಳಿದರೆ ಮುಂದಿನ ಕೆಲಸಕ್ಕೂ ನನ್ನನ್ನೇ ಕರೆಯುತ್ತಾರೆ.

ಈಗ ಬೀದಿಸಂಘ ಸರ್‌ಗೆ ನನ್ನ ಮುಖ್ಯ ಮಾತು. ನೀವು ಮನೆಯವರನ್ನು ಒಪ್ಪಿಸಲು ಹೊರಟಿದ್ದೀರಿ. ಅದಕ್ಕೂ ಮೊದಲು ನಮ್ಮನ್ನು ಒಪ್ಪಿಸಿ. ಫ್ಯಾನ್ ಸುಟ್ಟ ದಿನ, ಗೀಸರ್ ಸೋರಿದ ದಿನ ಮನೆಯವರು ಕರಪತ್ರ ಹುಡುಕಲ್ಲ. ‘ಯಾವುದು ಹಾಕೋಣ?’ ಅಂತ ನನ್ನನ್ನು ಕೇಳುತ್ತಾರೆ. ನಾನು ಹೇಳಿದ್ದೇ ಬರುತ್ತದೆ. ಆಮೇಲೆ ಅದು ಹತ್ತು ವರ್ಷ ಅಲ್ಲೇ ಇರುತ್ತದೆ. ಪ್ಲಂಬರ್, ಪೇಂಟರ್, ಗಾರೆಯವರು, ಎಲ್ಲರ ಕಥೆಯೂ ಇದೇ. ಪೇಂಟರ್ ಛಾವಣಿ ಹತ್ತಿದಾಗ, ಬಿಸಿಲು ವಾಪಸ್ ಕಳಿಸುವ ಬಿಳಿ ಬಣ್ಣದ ಬಗ್ಗೆ ಅವನೇ ಒಂದು ಮಾತು ಹೇಳಿದರೆ ಕೆಲಸ ಆಯಿತು. ಹೇಗೂ ಏಣಿ ಇಟ್ಟಿದ್ದಾಗಿದೆ, ಹೇಗೂ ಕೂಲಿ ಕೊಡುತ್ತಿದ್ದಾರೆ.

ನಮ್ಮನ್ನೆಲ್ಲ ಒಂದು ಸಂಜೆ ಕರೆದು ಕೂರಿಸಿ. ಯಾರೂ ನಮ್ಮನ್ನು ಹೀಗೆ ಕರೆಯುವುದಿಲ್ಲ.

ಹಳೇ ಮೀಟರ್:

ವೈರ್‌ಮನ್ ಅವರ ಈ ಮಾತನ್ನು ಎಲ್ಲರೂ ಎರಡು ಸಲ ಓದಿ. ಕೆಟ್ಟ ದಿನವೇ ಬದಲಾಯಿಸುವ ದಿನ. ಬಣ್ಣ ಬಳಿಯುವಾಗ, ಮನೆ ಬದಲಿಸುವಾಗ, ಹೊಸ ಕೋಣೆ ಕಟ್ಟುವಾಗ ಕೇಳಿದರೆ ಹೂಂ ಅನ್ನುವವರು, ಬೇರೆ ದಿನ ಕೇಳಿದರೆ ಬೇಡ ಅನ್ನುತ್ತಾರೆ.

ಒಂದು ಎಚ್ಚರಿಕೆ. ಬದಲಾಯಿಸಿದ ಹಳೇ ಫ್ರಿಜ್ಜು ಮನೆಯಿಂದ ಆಚೆ ಹೋಗಬೇಕು. ಇಲ್ಲದಿದ್ದರೆ ಅದು ಇನ್ನೊಂದು ಕೋಣೆಯಲ್ಲಿ ಓಡುತ್ತಲೇ ಇರುತ್ತದೆ. ಆಗ ಉಳಿತಾಯ ಹೋಗಿ ಖರ್ಚೇ ಹೆಚ್ಚುತ್ತದೆ. ಮೆಕ್ಸಿಕೊ ದೇಶ 2009ರಿಂದ ಹಳೇ ಫ್ರಿಜ್, ಏಸಿ ವಾಪಸ್ ಪಡೆದು ಹೊಸದಕ್ಕೆ ನೆರವು ಕೊಟ್ಟಿತು. ಹಳೆಯದನ್ನು ಕೊಡಲೇಬೇಕಿತ್ತು. ಫ್ರಿಜ್ ಬದಲಿಸಿದ ಮನೆಗಳಲ್ಲಿ ಕರೆಂಟ್ ಬಳಕೆ ನೂರಕ್ಕೆ 8ರಷ್ಟು ಇಳಿಯಿತು. ಏಸಿ ಬದಲಿಸಿದ ಮನೆಗಳಲ್ಲಿ ಏರಿತು. ಹೊಸ ಏಸಿ ಚೆನ್ನಾಗಿ ತಂಪು ಮಾಡುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಓಡುತ್ತದೆ.

ಮನೆವಾರ್ತೆ:

ಏರಿದರೆ ಅದು ಬರೀ ನಷ್ಟವಾ? ಮೊದಲು ಸೆಕೆಯಲ್ಲಿ ನಿದ್ದೆ ಬರದೆ ಒದ್ದಾಡುತ್ತಿದ್ದ ಮಗು ಈಗ ಮಲಗುತ್ತಿದೆ ಅಂದರೆ ಅದಕ್ಕೂ ಬೆಲೆ ಇದೆ. ನಮ್ಮ ಛಾವಣಿಗೆ ಬಿಳಿ ಬಣ್ಣ ಹೊಡೆಸಿದ್ದು ಬಿಲ್ಲಿಗಾಗಿ ಅಲ್ಲ, ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಕೂರಲು ಆಗುತ್ತಿರಲಿಲ್ಲ ಅಂತ. ಮನೆಗೆ ಹೋಗಿ ಮಾತಾಡುವಾಗ ಯೂನಿಟ್ ಬಿಟ್ಟು ‘ಯಾವ ಕೋಣೆಯಲ್ಲಿ ಕೂರೋಕೆ ಆಗಲ್ಲ?’ ಅಂತ ಕೇಳಿ ನೋಡಿ. ಮನೆಯ ಹೆಂಗಸರು ತಾವಾಗಿ ಎದ್ದು ತೋರಿಸುತ್ತಾರೆ.

ಲೆಕ್ಕಪತ್ರ:

ಇದು ನಿಜ. ಲೆಕ್ಕದಲ್ಲಿ ಆ ನೆಮ್ಮದಿಯನ್ನೂ ಬರೆದುಕೊಳ್ಳಬೇಕು. ಆದರೆ ಅದನ್ನು ‘ಉಳಿತಾಯ’ ಅಂತ ಕರೆದು ಮಾರಬಾರದು. ಸೆಕೆ ಕಡಿಮೆಯಾಗುತ್ತದೆ ಅಂದರೆ ಸೆಕೆ ಕಡಿಮೆಯಾಗುತ್ತದೆ ಅಂತಲೇ ಹೇಳಿ.

ಬಾಡಿಗೆಮನೆ:

ಎಲ್ಲರೂ ಸ್ವಂತ ಮನೆಯವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಂಥವರ ಗತಿ ಏನು? ಗೀಸರ್ ಮಾಲೀಕರದು, ಬಿಲ್ ನಮ್ಮದು. ಹೊಸ ಗೀಸರ್‌ಗೆ ಅವರು ದುಡ್ಡು ಹಾಕಿದರೆ ಲಾಭ ನಮಗೆ. ಅವರು ಯಾಕೆ ಹಾಕುತ್ತಾರೆ? ನಾವು ಹಾಕಿಸೋಣ ಅಂದರೆ ಮುಂದಿನ ವರ್ಷ ಇಲ್ಲೇ ಇರುತ್ತೇವಾ ಗೊತ್ತಿಲ್ಲ. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಲೂ ಕೇಳಿಯೇ ಅಂಟಿಸಬೇಕು.

ಹಳೇ ಮೀಟರ್:

ನಿಮ್ಮ ಬೇಸರ ನ್ಯಾಯವಾದದ್ದು. ಪ್ರಪಂಚದ ಎಲ್ಲ ಕಡೆ ಈ ತೊಡಕಿದೆ, ಪೂರ್ತಿ ಬಿಡಿಸಿದವರು ಯಾರೂ ಇಲ್ಲ. ಕೆಲವು ದೇಶಗಳಲ್ಲಿ ಕಾನೂನಿನ ದಾರಿ ಹಿಡಿದಿದ್ದಾರೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2018ರಿಂದ, ಶಕ್ತಿ ಉಳಿತಾಯದಲ್ಲಿ ಮನೆಗೆ ಕೊಟ್ಟ ದರ್ಜೆ ತೀರಾ ಕೆಳಗಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ.

ಬೀದಿಯ ಮಟ್ಟದಲ್ಲಿ ಎರಡು ಕೆಲಸ ಸಾಧ್ಯ. ಒಂದು, ಹೊರಡುವಾಗ ಕೊಂಡೊಯ್ಯಬಹುದಾದದ್ದಕ್ಕೆ ಮಾತ್ರ ನೀವು ದುಡ್ಡು ಹಾಕಿ. ಬಲ್ಬು, ಫ್ಯಾನು, ಶವರ್, ದಪ್ಪ ಪರದೆ. ಹಳೆಯದನ್ನು ತೆಗೆದಿಟ್ಟು, ಹೋಗುವಾಗ ಅದನ್ನೇ ವಾಪಸ್ ಹಾಕಿ. ಇನ್ನೊಂದು ಸಂಘದ ಕೆಲಸ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದಲ್ಲ, ಆಗ ಮಾಲೀಕರನ್ನು ಹಿಡಿಯಿರಿ. ಹೇಗೂ ಅವರು ಆಗ ರಿಪೇರಿ ಮಾಡಿಸುತ್ತಾರೆ.

ಮೂಲೆಮನೆ:

ದುಡ್ಡಿನ ಸಮಸ್ಯೆ ಇದ್ದವರಿಗೆ ಸಾಲ ಕೊಡಿಸಿದರೆ?

ಲೆಕ್ಕಪತ್ರ:

ಸಾಲ ಒಬ್ಬಂಟಿಯಾಗಿ ಕೆಲಸ ಮಾಡಲ್ಲ. ಬ್ರಿಟನ್ 2013ರಲ್ಲಿ ‘ಗ್ರೀನ್ ಡೀಲ್’ ಅಂತ ತಂದಿತು. ಮನೆ ಸುಧಾರಿಸಲು ಸಾಲ, ಕರೆಂಟ್ ಬಿಲ್ಲಿನ ಮೂಲಕ ತೀರಿಸುವುದು. ಬಡ್ಡಿ ಜನಕ್ಕೆ ಜಾಸ್ತಿ ಅನ್ನಿಸಿತು, ವಿಧಾನ ಗೋಜಲು. ಲಕ್ಷಗಟ್ಟಲೆ ಮನೆ ಬರುತ್ತವೆ ಅಂದುಕೊಂಡಿದ್ದರು. ಸುಮಾರು 14,000 ಮನೆಗಳು ಸಾಲ ತೆಗೆದುಕೊಂಡವು. 2015ರಲ್ಲಿ ಸರ್ಕಾರ ದುಡ್ಡು ನಿಲ್ಲಿಸಿತು.

ಗಾಳಿಬೆಳಕು:

ಒಂದು ಮಾತು ತಪ್ಪದೆ ಹೇಳಲೇಬೇಕು. ಅವಸರ ಬೇಡ. ಆಸ್ಟ್ರೇಲಿಯಾ 2009ರಲ್ಲಿ ಮನೆಗಳ ಛಾವಣಿಯಡಿ ಶಾಖ ತಡೆಯುವ ಹೊದಿಕೆ ಹಾಕಿಸುವ ಯೋಜನೆ ತಂದಿತು. ಒಂದು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಮನೆಗಳಾದವು. ಸರಿಯಾದ ತರಬೇತಿ ಇಲ್ಲದವರೂ ಕೆಲಸಕ್ಕಿಳಿದರು. ನಾಲ್ವರು ಎಳೆಯ ಕೆಲಸಗಾರರು ಸತ್ತರು. ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು. 2010ರ ಫೆಬ್ರವರಿಯಲ್ಲಿ ಯೋಜನೆ ನಿಲ್ಲಿಸಿದರು. ಯಾವ ಉಳಿತಾಯವೂ ಒಂದು ಜೀವಕ್ಕೆ ಸಮ ಅಲ್ಲ.

ಬಾಗಿಲು ಕಿಟಕಿ ಸಂದು ಮುಚ್ಚುವವರು ಇದನ್ನೂ ಗಮನಿಸಿ. ಮನೆಯೊಳಗೆ ಗ್ಯಾಸ್ ಗೀಸರ್, ಸೌದೆ ಅಥವಾ ಇದ್ದಿಲಿನ ಒಲೆ ಇದ್ದರೆ ಗಾಳಿ ಓಡಾಡಲೇಬೇಕು. ಪೂರ್ತಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಸ್ನಾನದ ಮನೆಯ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ವೈರ್‌ಮನ್:

ನೂರಕ್ಕೆ ನೂರು ಸರಿ. ಹಳೇ ವೈರಿಂಗ್ ಮೇಲೆ ಹೊದಿಕೆ ಹಾಸುವುದೂ ಅಷ್ಟೇ ಅಪಾಯ. ವೈರ್ ಬಿಸಿಯಾದರೆ ಆ ಬಿಸಿ ಆಚೆ ಹೋಗಲು ಜಾಗ ಇರಲ್ಲ. ಮೊದಲು ವೈರಿಂಗ್ ನೋಡಿಸಿ, ಆಮೇಲೆ ಉಳಿದದ್ದು.

ಬೀದಿಸಂಘ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಘದಲ್ಲಿ ಮಾತಾಡಿದೆವು. ಮೊದಲು ವೈರ್‌ಮನ್, ಪ್ಲಂಬರ್, ಪೇಂಟರ್‌ಗಳನ್ನು ಕರೆದು ಕೂರಿಸುತ್ತೇವೆ. ಆಮೇಲೆ ಒಪ್ಪಿದ ಕೆಲವು ಮನೆಗಳಲ್ಲಿ ಒಂದೇ ವಾರದಲ್ಲಿ ಕೆಲಸ, ಬೇರೆ ಮನೆಯವರು ಬಂದು ನೋಡಬಹುದು. ಸಾಮಾನು ಇಳಿಸಲು, ಕೊನೆಗೆ ಗುಡಿಸಲು ಬೀದಿಯ ಹುಡುಗ ಹುಡುಗಿಯರು ಒಪ್ಪಿದ್ದಾರೆ. ಹೊಸ ಚೀಟಿ ಹೀಗಿದೆ, ತಿದ್ದಿ:

‘ನಿಮ್ಮ ಮನೆಯಲ್ಲಿ ಯಾವ ಕೋಣೆ ತೀರಾ ಸೆಕೆ ಅಥವಾ ತೀರಾ ಚಳಿ? ಯಾವ ಉಪಕರಣ ಕೆಡುವ ಹಾಗಿದೆ? ನಿಮಗೆ ಅನುಕೂಲವಾದ ದಿನ ನಾವು ಬರುತ್ತೇವೆ. ನೋಡಲು ದುಡ್ಡಿಲ್ಲ. ಮಾಡಿಸಲೇಬೇಕು ಅಂತಿಲ್ಲ. ನಿಮ್ಮ ಯೂನಿಟ್ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ.’

ಮನಃಶಾಸ್ತ್ರದ ಮೇಷ್ಟ್ರು:

ಚೀಟಿ ಚೆನ್ನಾಗಿದೆ. ಮನೆ ನೋಡಲು ಹೋಗುವವರಿಗೆ ಒಂದು ಮಾತು. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆ ಪರೀಕ್ಷಕರಿಗೆ ಮಾತಾಡುವ ರೀತಿ ಕಲಿಸಿದ್ದರು. ‘ಬಾಗಿಲ ಸಂದಿಯಿಂದ ಗಾಳಿ ಸೋರುತ್ತದೆ’ ಅಂತ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಈ ಸಂದುಗಳನ್ನೆಲ್ಲ ಒಟ್ಟು ಸೇರಿಸಿದರೆ ಗೋಡೆಯಲ್ಲಿ ದೊಡ್ಡ ಚೆಂಡಿನಷ್ಟು ತೂತು ಅನ್ನುತ್ತಿದ್ದರು. ಮನೆಯವರನ್ನೂ ಜೊತೆಗೆ ಕರೆದುಕೊಂಡು ಓಡಾಡಿ, ಅವರ ಕೈಯಲ್ಲೇ ಅಳತೆ ಮಾಡಿಸುತ್ತಿದ್ದರು. ಅಂಥ ಪರೀಕ್ಷಕರು ಹೋದ ಮನೆಗಳಲ್ಲಿ ಕೆಲಸ ಮಾಡಿಸಿದವರು ಹೆಚ್ಚು. ನೀವೂ ಮನೆಯವರನ್ನು ಕೂರಿಸಿ ಭಾಷಣ ಮಾಡಬೇಡಿ, ಅವರ ಜೊತೆ ನಡೆಯಿರಿ.

ಹೊಸಬ:

ಕೆಲಸ ಆದ ಮೇಲೆ ಉಳಿಯಿತಾ ಇಲ್ವಾ ಅಂತ ನೋಡೋದು ಹೇಗೆ? ಹಿಂದಿನ ತಿಂಗಳ ಬಿಲ್ ಜೊತೆ ಹೋಲಿಸಿದರೆ ಸಾಕಾ?

ವೈರ್‌ಮನ್:

ಸಾಕಾಗಲ್ಲ. ಹಿಂದಿನ ತಿಂಗಳು ಸೆಕೆ ಇದ್ದು ಈ ತಿಂಗಳು ಮಳೆ ಬಂದರೆ ಬಿಲ್ ತಾನಾಗಿ ಇಳಿಯುತ್ತದೆ. ಹೋದ ವರ್ಷದ ಇದೇ ತಿಂಗಳ ಬಿಲ್ ತೆಗೆದುಕೊಳ್ಳಿ. ದುಡ್ಡು ನೋಡಬೇಡಿ, ರೇಟ್ ಬದಲಾಗಿರಬಹುದು. ಯೂನಿಟ್ ನೋಡಿ. ಮನೆಗೆ ಹೊಸಬರು ಬಂದಿದ್ದರೆ, ಹೊಸ ಉಪಕರಣ ತಂದಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ. ಹಳೇ ಬಿಲ್ಲುಗಳನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ, ಕೆಲಸ ಶುರುವಾದ ಮೇಲೆ ಸಿಗಲ್ಲ.

ಮತ್ತೆ ಸರ್, ನಮ್ಮನ್ನು ಕರೆಯುವುದು ಭಾನುವಾರ ಸಂಜೆ ಇಟ್ಟುಕೊಳ್ಳಿ. ಬೇರೆ ದಿನ ಪ್ಲಂಬರುಗಳು ಸಿಗಲ್ಲ.